ಕೂದಲೆಳೆಯ ಅಂತರ

ರಾಯಚೂರಿನ ಕೋಟೆಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದು ಕಲ್ಲುಂಟು. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗಂಗಯ್ಯ ರೆಡ್ಡಿಯ ಅಪ್ಪಣೆಯಂತೆ ವಿಠಲನಾಥನೆಂಬವನು ಈ ಕೋಟೆಯನ್ನು ಕಟ್ಟಿಸಿದನೆಂದು ಆ ಕಲ್ಲಿನ ಮೇಲಣ ಶಾಸನ ಸಾರುತ್ತದೆ. ಅಷ್ಟು ದೊಡ್ಡ ಬಂಡೆಯನ್ನು ಬಂಡಿಯ ಮೇಲೆ ಹೇರಿ ಎಳೆದು ತಂದ ಚಿತ್ರವನ್ನೂ ಅಲ್ಲಿ ಕೊರೆದಿದ್ದಾರೆ. ಪೇಟೆಯ ಕೆಲಸ ಮುಗಿಸಿಕೊಂಡು ಬಸ್ಸಿಗೆ ಕಾಯುವ ಪರ ಊರಿನವರು ಒಂದು ಗಳಿಗೆ ಬಿಡುವು ಮಾಡಿಕೊಂಡು ಅದರ ಎದುರು ನಿಂತರೆ, ಇಂಥ ಗೋಡೆಯನ್ನು ಯಾರು ತಾನೆ ಒಡೆದಾರು ಎಂದು ಬೆರಗಾಗುವುದು ಸಹಜ.

ಆದರೆ ಆ ಕೋಟೆ ಬಿದ್ದಿತು. ಕಟ್ಟಿದ 226 ವರ್ಷಗಳ ಮೇಲೆ, ಅದರ ಸೋಲಿಗೆ ಕಡೆಯ ಮುದ್ರೆ ಒತ್ತಿದುದು ಮಕ್ಕಳ ಆಟದ ಗೋಲಿಯಷ್ಟು ದೊಡ್ಡದೊಂದು ಸೀಸದ ಗುಂಡು.

ಒಂದು ಕಲ್ಲಿಗೆ ಎಷ್ಟು ಪಣ?

1520ನೆಯ ಇಸವಿ. ಕೃಷ್ಣೆಗೂ ತುಂಗಭದ್ರೆಗೂ ನಡುವಣ ಫಲವತ್ತಾದ ದೋಆಬಿಗಾಗಿ ವಿಜಯನಗರಕ್ಕೂ ಬಿಜಾಪುರಕ್ಕೂ ತಲೆಮಾರುಗಳಿಂದ ನಡೆದಿದ್ದ ಹೋರಾಟ ಅಂದು ತುದಿ ಮುಟ್ಟಿತ್ತು. ಆ ವರ್ಷದ ಮೇ 19ರಂದು ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲಶಾಹನ ಸೈನ್ಯವನ್ನು ಕೃಷ್ಣೆಯ ದಡದವರೆಗೂ ಅಟ್ಟಿಸಿಕೊಂಡು ಹೋಗಿ ಸೋಲಿಸಿದನು. ಆದಿಲಶಾಹನ ಫಿರಂಗಿಗಳೆಲ್ಲ ಒಮ್ಮೆಗೇ ಹಾರಿದ್ದವು. ಮೊದಲ ಹೊಡೆತಕ್ಕೆ ವಿಜಯನಗರದ ಮುಂಚೂಣಿ ಕದಲಿತಾದರೂ, ಅವನ್ನು ಮತ್ತೆ ತುಂಬುವಷ್ಟರಲ್ಲಿ ರಾಯನ ದಳ ಮೈಮೇಲೆ ಬಂದಿತ್ತು. ಪೋರ್ಚುಗೀಸ್ ವ್ಯಾಪಾರಿ ಫೆರ್ನಾವ್ ನೂನಿಜನು ತನ್ನ ವೃತ್ತಾಂತದಲ್ಲಿ ಈ ಯುದ್ಧವನ್ನು ಬಲು ವಿವರವಾಗಿ ಬಣ್ಣಿಸಿದ್ದಾನೆ.

ಬಯಲಿನ ಯುದ್ಧ ಗೆದ್ದರೂ ಕೋಟೆ ಕೈಗೆ ಬಂದಿರಲಿಲ್ಲ. ಗೋಡೆಯ ಮೇಲೆ 200 ದೊಡ್ಡ ಫಿರಂಗಿಗಳಿದ್ದುವೆಂದು ನೂನಿಜನು ಹೇಳುತ್ತಾನೆ. ರಾಯನ ಕಡೆಯವರು ಹಾರೆ ಗುದ್ದಲಿಗಳನ್ನು ಹಿಡಿದು ಗೋಡೆಯ ಬುಡಕ್ಕೇ ನುಗ್ಗಿ ಕಲ್ಲು ಕೀಳಬೇಕಾಗಿತ್ತು. ಮೇಲಿನಿಂದ ಕಲ್ಲು, ಬಾಣ, ಗುಂಡುಗಳ ಮಳೆ. ಸಾವಿಗೆ ಹೆದರಿ ಹಿಂಜರಿದ ಆಳುಗಳಿಗೆ ದಳಪತಿಗಳು ಬೆಲೆ ಕಟ್ಟಿದರು: ಕಿತ್ತು ತಂದ ಕಲ್ಲಿನ ಗಾತ್ರವನ್ನು ನೋಡಿ ಹತ್ತು ಪಣ, ಇಪ್ಪತ್ತು ಪಣ, ಐವತ್ತು ಪಣದವರೆಗೆ. ಆ ಆಸೆಗೆ ಎಷ್ಟೋ ಮಂದಿ ಬಡವರು ಗೋಡೆಯ ಬುಡದಲ್ಲಿ ಪ್ರಾಣ ತೆತ್ತರು.

ಆಗ ಅಲ್ಲಿಗೆ ಬಂದವನು ಕ್ರಿಸ್ತೊವಾವ್ ದ ಫಿಗೈರೆದು ಎಂಬ ಪೋರ್ಚುಗೀಸನು. ಅವನ ಜೊತೆಯಲ್ಲಿ ಸುಮಾರು ಇಪ್ಪತ್ತು ಮಂದಿ ಇದ್ದರು. ಅವರ ಕೈಯಲ್ಲಿ ಬತ್ತಿಕೋವಿಗಳಿದ್ದುವು. ಗೋಡೆಯ ಮೇಲೆ ಯಾರು ತಲೆ ಎತ್ತಿದರೂ ಇವರ ಕೋವಿ ಅವರನ್ನು ಅರಸಿ ಹೊಡೆಯತೊಡಗಿತು. ಮೇಲಿನವರು ತಲೆ ತಗ್ಗಿಸಿದರು. ಕೆಳಗಿನವರು ನಿರ್ಭಯವಾಗಿ ಕಲ್ಲು ಕೀಳತೊಡಗಿದರು. ಕೊನೆಗೊಂದು ದಿನ ಕೋಟೆಯ ಅಧಿಪತಿಯೇ ಆ ಪರದೇಶಿಗಳನ್ನು ನೋಡಲೆಂದು ಗೋಡೆಯಾಚೆಗೆ ಬಾಗಿದನು. ಗುಂಡು ನೆಟ್ಟಗೆ ಹಣೆಗೆ ಬಡಿಯಿತು. ನಾಯಕನಿಲ್ಲದ ಕೋಟೆ ಶರಣಾಯಿತು.

ಇನ್ನೂರು ಫಿರಂಗಿಗಳಿಂದ ಆಗದುದು ಇಪ್ಪತ್ತು ಕೋವಿಗಳಿಂದ ಆದುದು ಹೇಗೆ? ಸದ್ದು ದೊಡ್ಡದಾದ ಮಾತ್ರಕ್ಕೆ ಗುರಿ ದೊಡ್ಡದಾಗದು. ಗುಂಡು ಕಣ್ಣು ಕಂಡ ಕಡೆಗೇ ಹೋಗಬೇಕು. ಅದು ಹಾಗೆ ಹೋಗುವುದೂ ಹೋಗದಿರುವುದೂ ಹೊರಗಿನವರ ಕಣ್ಣಿಗೆ ಬೀಳದ ಒಂದು ಸಂಗತಿಯನ್ನು ಬಹುಮಟ್ಟಿಗೆ ಅವಲಂಬಿಸಿದೆ: ನಳಿಗೆಯ ಒಳಮೈಗೂ ಗುಂಡಿಗೂ ನಡುವೆ ಉಳಿಯುವ ಅಂತರ.

ಬಿಗಿಯೋ, ಸಡಿಲವೋ?

ಹಿಂದಿನ ಕೋವಿಯನ್ನು ಬಾಯಿಯ ಕಡೆಯಿಂದ ತುಂಬುತ್ತಿದ್ದರು. ಮೊದಲು ಮದ್ದು, ಅದರ ಮೇಲೆ ಗುಂಡು, ಆಮೇಲೆ ಗಜದಿಂದ ದಮ್ಮಸು. ಗುಂಡು ನಳಿಗೆಗೆ ಸರಿಸಮ ಬಿಗಿಯಾಗಿದ್ದರೆ ಗುರಿ ಚೆನ್ನು. ಆದರೆ ಕರಿಮದ್ದಿನ ಮಸಿ ನಾಲ್ಕಾರು ಈಡಿನಲ್ಲೇ ನಳಿಗೆಯೊಳಗೆ ಕಟ್ಟಿಕೊಂಡು, ಮುಂದಿನ ಗುಂಡು ಅರ್ಧ ದಾರಿಯಲ್ಲೇ ಸಿಕ್ಕಿಬೀಳುವುದು. ಶತ್ರು ಎದುರಿಗಿರುವಾಗ ಗುಂಡು ಕೆಳಗಿಳಿಯದಿದ್ದರೆ ಆ ಕೋವಿ ಬರಿಯ ದೊಣ್ಣೆ. ಗುಂಡು ಸಡಿಲವಾಗಿದ್ದರೆ ತುಂಬುವುದು ಸುಲಭ. ಆದರೆ ಸಂದಿಯಿಂದ ಹೊಗೆ ಸೋರಿ ಬಲ ಕುಂದುವುದು, ಗುಂಡು ನಳಿಗೆಯ ಗೋಡೆಗೆ ಅತ್ತಿತ್ತ ಬಡಿಯುತ್ತ ಹೊರಬಿದ್ದು ಕಡೆಯಲ್ಲಿ ತಾಕಿದ ದಿಕ್ಕಿಗೆ ಹಾರುವುದು.

ಸೈನ್ಯಗಳು ಸಾಮಾನ್ಯವಾಗಿ ಸಡಿಲವನ್ನೇ ಆಯ್ದುಕೊಂಡವು. ಇಂಗ್ಲಿಷರು ನೂರು ವರ್ಷಕ್ಕೂ ಹೆಚ್ಚು ಕಾಲ ಬಳಸಿದ ‘ಬ್ರೌನ್ ಬೆಸ್’ ಕೋವಿಯ ನಳಿಗೆ ಸುಮಾರು 0.75 ಅಂಗುಲ ಅಗಲ. ಅದರ ಗುಂಡು ಸುಮಾರು 0.69 ಅಂಗುಲ. ಸಂದಿ ಒಂದೂವರೆ ಮಿಲಿಮೀಟರು. ಸಾಲಾಗಿ ನಿಂತ ಸಾವಿರ ಜನರ ಕಡೆಗೆ ಹಾರಿಸಲು ಅದು ಸಾಕು. ಒಬ್ಬನ ಹಣೆಗೆ ಇಡಲು ಸಾಲದು.

ಆದರೆ ಒಬ್ಬೊಬ್ಬನೇ ಕೋವಿ ಹಿಡಿದು ಬದುಕಿದವರ ಲೆಕ್ಕವೇ ಬೇರೆ. ಅಂದಿನ ನಳಿಗೆಗಳನ್ನು ಕಮ್ಮಾರನು ಕಬ್ಬಿಣದ ತಗಡನ್ನು ಸಲಾಕೆಯ ಸುತ್ತ ಸುತ್ತಿ, ಕಾಯಿಸಿ, ಬಡಿದು ಬೆಸೆಯುತ್ತಿದ್ದನು. ಒಂದೇ ಕುಲುಮೆಯಲ್ಲಿ ಹುಟ್ಟಿದರೂ ಒಂದು ನಳಿಗೆ ಇನ್ನೊಂದರಂತಿರುತ್ತಿರಲಿಲ್ಲ. ಆದುದರಿಂದ ಗುಂಡಿನ ಅಚ್ಚೂ ಕೋವಿಗೆ ತಕ್ಕಂತೆ ಬೇರೆಯಾಗಬೇಕಾಗಿತ್ತು. ನಳಿಗೆಯ ಅಳತೆಯನ್ನು ಸೀಸದ ತೂಕದಿಂದ ಹೇಳುವ ಪದ್ಧತಿ ಇಂದಿಗೂ ಉಳಿದಿದೆ: ಒಂದು ಪೌಂಡು ಸೀಸದಿಂದ ಸಮನಾದ ಹನ್ನೆರಡು ಗುಂಡುಗಳನ್ನು ಎರಕ ಹೊಯ್ದರೆ ಒಂದೊಂದು ಗುಂಡೂ ಯಾವ ನಳಿಗೆಗೆ ಹೊಂದುವುದೋ ಅದೇ ‘ಹನ್ನೆರಡು ಬೋರಿನ’ ಕೋವಿ; ಅಗಲ ಸುಮಾರು 18.5 ಮಿಲಿಮೀಟರು.

ರಾಯಚೂರು ಸೀಮೆಗೆ ಇಂಥ ಗುರಿಕಾರರು ಹೊಸಬರಲ್ಲ. ದೇವದುರ್ಗವು ಒಂದು ಕಾಲಕ್ಕೆ ಬೇಡ ಪಾಳೆಯಗಾರರ ಬಲವಾದ ನೆಲೆಯಾಗಿತ್ತು. ಅಲ್ಲಿಂದ ಕೃಷ್ಣೆಯನ್ನು ದಾಟಿ ಉತ್ತರಕ್ಕೆ ಹೋದರೆ ಸುರಪುರದ ಸೀಮೆ. ಅಲ್ಲಿನ ವಾಗಿನಗೇರಿಯ ಮೇಲೆ 1705ರಲ್ಲಿ ಔರಂಗಜೇಬನು ತಾನೇ ಮುತ್ತಿಗೆ ಹಾಕಿದನು. ಮೊಗಲರ ಚರಿತ್ರಕಾರರು ಬೇಡರ ಕೋವಿಯ ಗುರಿಯನ್ನು ಮರೆಯದೆ ನೆನೆದಿದ್ದಾರೆ. ಮುದುಕನಾದ ಆ ಚಕ್ರವರ್ತಿ ಸ್ವತಃ ನಿಂತು ನಡೆಸಿದ ಕಡೆಯ ಮುತ್ತಿಗೆ ಅದೇ. ಕೋಟೆ ಅವನಿಗೆ ಸಿಕ್ಕಿತು; ಆದರೆ ಅದರ ನಾಯಕನು ಸಿಗಲಿಲ್ಲ.

ಕೊಬ್ಬಿನ ಕಥೆ

ನಳಿಗೆಯೊಳಗೆ ಸುರುಳಿಯಾಗಿ ಗೀರು ತೆಗೆದರೆ ಗುಂಡು ಬುಗುರಿಯಂತೆ ಗಿರ್ರನೆ ತಿರುಗುತ್ತ ಹೋಗುತ್ತದೆ. ತಿರುಗುವ ಬುಗುರಿ ಹೇಗೆ ಬೀಳದೆ ನಿಲ್ಲುವುದೋ ಹಾಗೆ ಅದು ದಾರಿ ತಪ್ಪದೆ ಸಾಗುತ್ತದೆ. ಇದೇ ರೈಫಲ್ಲಿನ ಗುಟ್ಟು. ಆದರೆ ಗೀರು ಗುಂಡನ್ನು ಕಚ್ಚಬೇಕಾದರೆ ಸಂದಿ ಇರಕೂಡದು. ಬಾಯಿಯಿಂದ ತುಂಬಬೇಕಾದರೆ ಸಂದಿ ಇರಲೇಬೇಕು. ಈ ತೊಡಕನ್ನು 1849ರ ಸುಮಾರಿಗೆ ಫ್ರಾನ್ಸಿನ ಮಿನಿಯೇ ಎಂಬವನ ಗುಂಡು ಬಿಡಿಸಿತು. ಬುಡ ಟೊಳ್ಳಾದ ಆ ಗುಂಡು ಸಡಿಲವಾಗಿ ಒಳಗಿಳಿದು, ಮದ್ದು ಹೊತ್ತಿದಾಗ ಬುಡವರಳಿ ಗೀರನ್ನು ಕಚ್ಚಿಕೊಳ್ಳುತ್ತಿತ್ತು.

ಈ ತತ್ತ್ವದ ಮೇಲೆ ಬಂದ 1853ರ ಎನ್‌ಫೀಲ್ಡ್ ರೈಫಲ್ಲಿನ ನಳಿಗೆ 0.577 ಅಂಗುಲ. ಮೊದಮೊದಲ ಗುಂಡು 0.568. ನಡುವೆ ಉಳಿದುದು ಅಂಗುಲದ ಸಾವಿರದಲ್ಲಿ ಒಂಬತ್ತು ಭಾಗ. ಅಷ್ಟು ಬಿಗಿಯಾದ ಗುಂಡು ಮಸಿ ಕಟ್ಟಿದ ನಳಿಗೆಯಲ್ಲಿ ಜಾರಬೇಕಾದರೆ ಜಿಡ್ಡು ಬೇಕು. ಅದಕ್ಕಾಗಿ ತೋಟಾದ ಕಾಗದಕ್ಕೆ ಕೊಬ್ಬು ಸವರಿದರು. ಆ ಕೊಬ್ಬು ದನದ್ದು, ಹಂದಿಯದು ಎಂಬ ಮಾತು ಹಬ್ಬಿ 1857ರಲ್ಲಿ ದೇಶಕ್ಕೆ ದೇಶವೇ ಹೊತ್ತಿಕೊಂಡ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಆ ಬೆಂಕಿಗೆ ಕಾರಣಗಳು ನೂರಾರಿದ್ದುವು. ಆದರೆ ಕಿಡಿಯಾದ ಕೊಬ್ಬು ತೋಟಾದ ಮೇಲೆ ಏಕಿತ್ತು ಎಂದು ಕೇಳಿದರೆ, ಉತ್ತರ ಆ ಒಂಬತ್ತು ಸಾವಿರಾಂಶದ ಸಂದಿಯಲ್ಲಿದೆ. ಮುಂದೆ ಇಂಗ್ಲಿಷರು ಗುಂಡನ್ನು 0.55 ಅಂಗುಲಕ್ಕೆ ಇಳಿಸಿಕೊಂಡರು.

ಅದೇ ವರ್ಷದ ನವೆಂಬರಿನಲ್ಲಿ, ಈಗಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು, ಆಯುಧಗಳನ್ನು ಒಪ್ಪಿಸಬೇಕೆಂಬ ಸರ್ಕಾರದ ಕಾಯಿದೆಗೆ ತಲೆಬಾಗದೆ ಎದ್ದು ನಿಂತರು. ಊರನ್ನು ಸುಟ್ಟರು; ಹಲವರನ್ನು ಗಲ್ಲಿಗೇರಿಸಿದರು. ಆಯುಧವೇ ಅನ್ನವಾಗಿದ್ದವರಿಗೆ ಅದನ್ನು ಒಪ್ಪಿಸುವುದೆಂದರೆ ಏನೆಂಬುದನ್ನು ಹಲಗಲಿಯ ಲಾವಣಿಗಳು ಇಂದಿಗೂ ನೆನಪಿಸುತ್ತವೆ.

ಹೊಲಕ್ಕೊಂದು ಆಳ

ಇಂದು ಕೋವಿಯನ್ನು ಬಾಯಿಯಿಂದ ತುಂಬುವವರು ವಿರಳ. ಹಿತ್ತಾಳೆಯ ತೋಟಾ ಬಂದಿದೆ. ಅದರ ಬುಡದಲ್ಲಿ ಕೇಪು, ಹೊಟ್ಟೆಯಲ್ಲಿ ಮದ್ದು, ಕೊರಳಲ್ಲಿ ಗುಂಡು. ಹಿಂದಿನಿಂದ ಸೇರಿಸಿ ಅಗುಳಿ ಜಡಿದರೆ ಆಯಿತು. ಹಾಗಾದರೆ ಆ ಹಳೆಯ ಸಂದಿ ಮಾಯವಾಯಿತೇ? ಇಲ್ಲ, ಜಾಗ ಬದಲಾಯಿಸಿತು, ಅಷ್ಟೆ. ಮೊದಲು ಗುಂಡಿನ ಸುತ್ತಲೂ ಇದ್ದ ಸಂದಿ ಈಗ ಗುಂಡಿನ ಮುಂದೆ ಬಂದು ನಿಂತಿದೆ. ತೋಟಾ ಕೂರುವ ಗೂಡಿನ ತುದಿಗೂ ಸುರುಳಿಗೀರು ಆರಂಭವಾಗುವ ಜಾಗಕ್ಕೂ ನಡುವೆ ಒಂದಿಷ್ಟು ನುಣುಪಾದ ದಾರಿ ಇರುತ್ತದೆ. ಅದು ರೈಫಲ್ಲಿನ ಗಂಟಲು. ಕುದುರೆ ಎಳೆದಾಗ ಗುಂಡು ತೋಟಾದ ಕೊರಳನ್ನು ಬಿಟ್ಟು, ಈ ಗಂಟಲನ್ನು ಜಿಗಿದು, ಗೀರನ್ನು ಕಚ್ಚುತ್ತದೆ. ಆ ಜಿಗಿತ ಎಷ್ಟು ಉದ್ದ? ಗುಂಡು ತೋಟಾದಲ್ಲಿ ಎಷ್ಟು ಆಳಕ್ಕೆ ಕುಳಿತಿದೆಯೆಂಬುದರ ಮೇಲೆ ಅದು ನಿಂತಿದೆ.

ದೇವದುರ್ಗ, ಮಾನವಿಗಳ ಕಡೆ ಹಿಂಗಾರಿ ಜೋಳ ಬಿತ್ತುವ ರೈತನಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೀಜ ಒಂದೇ, ಕೂರಿಗೆ ಒಂದೇ; ಆದರೆ ಎರೆಭೂಮಿಯಲ್ಲಿ ತಾಳು ಇಳಿಯುವ ಆಳ ಬೇರೆ, ಮಸಾರಿಯಲ್ಲಿ ಬೇರೆ. ಮೇಲುಮೇಲೆ ಬಿದ್ದ ಬೀಜ ಹದ ಸಿಗದೆ ಒಣಗುವುದು. ತೀರ ಆಳಕ್ಕೆ ಬಿದ್ದ ಬೀಜ ಮೇಲೇಳಲಾರದೆ ಒಳಗೇ ಕಮರುವುದು. ಪಕ್ಕದ ಹೊಲದವನ ಆಳವನ್ನು ಕಣ್ಣು ಮುಚ್ಚಿ ಅನುಸರಿಸಿದವನು ಸುಗ್ಗಿಯಲ್ಲಿ ಪರಿತಪಿಸುವನು.

ಕಾರ್ಖಾನೆಯ ತೋಟಾ ಎಲ್ಲ ಹೊಲಕ್ಕೂ ಒಂದೇ ಆಳದಲ್ಲಿ ಬಿತ್ತಿದಂತೆ. ಯಾರೋ ಎಂದೋ ಎಲ್ಲೋ ಮಾಡಿದ ರೈಫಲ್ಲಿನಲ್ಲಿಯೂ ಅದು ತಡೆಯಿಲ್ಲದೆ ಕೂರಬೇಕು. ಆದುದರಿಂದ ಗೂಡಿನ ಕನಿಷ್ಠ ಅಳತೆಗಿಂತ ತೋಟಾದ ಗರಿಷ್ಠ ಅಳತೆ ಚಿಕ್ಕದಾಗಿರುವಂತೆ ನಿಯಮ ಮಾಡಿದ್ದಾರೆ. ಅಂಗಡಿಯ ಸಿದ್ಧ ಉಡುಪಿನಂತೆ ಅದು ಎಲ್ಲರ ಮೈಗೂ ಆಗುತ್ತದೆ, ಯಾರ ಮೈಗೂ ಒಪ್ಪುವುದಿಲ್ಲ. ಆದರೆ ಕುಶಲ ಕಸಬುದಾರನೊಬ್ಬನು ಒಬ್ಬ ಗುರಿಕಾರನಿಗಾಗಿಯೇ ಗೂಡು ಕೊರೆದು ಮಾಡಿಕೊಟ್ಟ ರೈಫಲ್ಲಿಗೆ ಅದರದೇ ಆದ ಗಂಟಲಿರುತ್ತದೆ. ಅಂಥದಕ್ಕೆ ತೋಟಾವನ್ನೂ ಅಳೆದು ಕೈಯಿಂದಲೇ ತುಂಬಬೇಕು.

ಅಳೆಯುವ ಬಗೆ

ಅಳತೆಯ ಕ್ರಮ ಸರಳ, ಸಹನೆ ಮಾತ್ರ ಬೇಕು. ರೈಫಲ್ಲು ಬರಿದಾಗಿದೆಯೆಂದು ಎರಡು ಸಲ ನೋಡಿಕೊಂಡು, ಅಗುಳಿ ಜಡಿದು, ಬಾಯಿಯ ಕಡೆಯಿಂದ ತುದಿ ಚಪ್ಪಟೆಯಾದ ಸಲಾಕೆಯನ್ನು ಅಗುಳಿಗೆ ತಾಕುವವರೆಗೆ ಇಳಿಸುತ್ತಾರೆ. ನಳಿಗೆಯ ಬಾಯಿಗೆ ಸರಿಯಾಗಿ ಸಲಾಕೆಯ ಮೇಲೊಂದು ಗೆರೆ. ಆಮೇಲೆ ಅಗುಳಿ ತೆಗೆದು, ಬರಿಯ ಗುಂಡೊಂದನ್ನು ಹಿಂದಿನಿಂದ ಗಂಟಲಿಗೆ ಬಿಟ್ಟು, ಗೀರಿಗೆ ತಾಕಿ ನಿಲ್ಲುವಷ್ಟು ಮಾತ್ರ ಸೀಸಕಡ್ಡಿಯಿಂದ ಮೆಲ್ಲನೆ ಒತ್ತಿ ಹಿಡಿಯುತ್ತಾರೆ. ಸಲಾಕೆಯನ್ನು ಮತ್ತೆ ಇಳಿಸಿ ಗುಂಡಿನ ಮೂತಿಗೆ ತಾಕಿದಾಗ ಎರಡನೆಯ ಗೆರೆ. ಎರಡು ಗೆರೆಗಳ ನಡುವಣ ದೂರವೇ, ಆ ರೈಫಲ್ಲಿನಲ್ಲಿ ಆ ಗುಂಡು ಗೀರಿಗೆ ತಾಕಿ ನಿಲ್ಲುವ ತೋಟಾದ ಪೂರ್ಣ ಉದ್ದ.

ಇನ್ನೊಂದು ಬಗೆಯೂ ಉಂಟು. ಹಾರಿಸಿದ ಖಾಲಿ ತೋಟಾದ ಕೊರಳನ್ನು ಸೀಳಿ, ಗುಂಡನ್ನು ಬೇಕೆಂದೇ ಉದ್ದಕ್ಕೆ ಸಡಿಲವಾಗಿ ಸಿಕ್ಕಿಸಿ, ಅಗುಳಿಯನ್ನು ನಿಧಾನವಾಗಿ ಜಡಿಯುತ್ತಾರೆ. ಗೀರು ಗುಂಡನ್ನು ಹಿಂದಕ್ಕೆ ನೂಕಿ ತಕ್ಕ ಆಳದಲ್ಲಿ ತಾನೇ ಕೂರಿಸುತ್ತದೆ. ಹೊರತೆಗೆದು ವರ್ನಿಯರಿನಿಂದ ಅಳೆದರಾಯಿತು. ಮದ್ದೂ ಕೇಪೂ ಇಲ್ಲದ ಇಂಥ ಪೊಳ್ಳು ತೋಟಾದಿಂದಲೇ ಈ ಪರೀಕ್ಷೆ ನಡೆಯಬೇಕು. ಒಂದು ಸಲದ ಅಳತೆಯನ್ನು ನಂಬದೆ ನಾಲ್ಕಾರು ಸಲ ಅಳೆದು ನೋಡುವುದು ಜಾಣತನ.

ಇಲ್ಲಿಯೂ ಒಂದು ಸೂಕ್ಷ್ಮವಿದೆ. ಒಂದೇ ಪೆಟ್ಟಿಗೆಯ ಗುಂಡುಗಳ ಮೂತಿಗಳು ಸಹ ತುಸು ಹೆಚ್ಚುಕಡಿಮೆ ಇರುತ್ತವೆ. ಗೀರಿಗೆ ಮೊದಲು ತಾಕುವುದು ಮೂತಿಯಲ್ಲ, ಗುಂಡು ದಪ್ಪವಾಗುತ್ತ ಬರುವ ಹೆಗಲು. ಆದುದರಿಂದ ಪಳಗಿದವರು ತೋಟಾದ ಬುಡದಿಂದ ಹೆಗಲಿನವರೆಗೆ ಅಳೆಯುತ್ತಾರೆ. ಗುಂಡಿನ ಜಾತಿ ಬದಲಾದರೆ ಹೆಗಲು ಬದಲಾಗುತ್ತದೆ. ಹಳೆಯ ಅಳತೆ ಅಲ್ಲಿಗೆ ಮುಗಿಯಿತು.

ಗೀರಿಗೆ ತಾಕುವ ಉದ್ದ ತಿಳಿದ ಮೇಲೆ, ಅದಕ್ಕಿಂತ ಅಂಗುಲದ ಸಾವಿರದಲ್ಲಿ 20 ಭಾಗ, ಎಂದರೆ ಸುಮಾರು ಅರ್ಧ ಮಿಲಿಮೀಟರು, ಹಿಂದಕ್ಕೆ ಕೂರಿಸಿ ಪರೀಕ್ಷೆ ಆರಂಭಿಸುವುದು ವಾಡಿಕೆ. ಮದ್ದು, ಕೇಪು, ಗುಂಡು ಯಾವುದನ್ನೂ ಬದಲಿಸದೆ, ಆಳವನ್ನು ಮಾತ್ರ ಕೆಲವೇ ಸಾವಿರಾಂಶಗಳಂತೆ ಬದಲಿಸುತ್ತ, ಒಂದೊಂದು ಆಳಕ್ಕೂ ಐದೈದು ಈಡು ಹಾರಿಸಿ ಕಾಗದದ ಮೇಲಿನ ತೂತುಗಳನ್ನು ನೋಡುತ್ತಾರೆ. ಒಂದು ಆಳದಲ್ಲಿ ಅಂಗೈಯಗಲ ಚೆದುರಿದ ತೂತುಗಳು ಇನ್ನೊಂದು ಆಳದಲ್ಲಿ ಒಂದೆಡೆಗೆ ಕೂಡಿಕೊಳ್ಳುವುದುಂಟು. ಮನುಷ್ಯನ ತಲೆಗೂದಲಿನ ದಪ್ಪ ಎರಡರಿಂದ ನಾಲ್ಕು ಸಾವಿರಾಂಶ. ಈ ಹುಡುಕಾಟವೆಲ್ಲ ಕೆಲವು ಕೂದಲೆಳೆಗಳ ಅಂತರದಲ್ಲಿಯೇ ನಡೆಯುತ್ತದೆ.

ತಪ್ಪಿದರೆ?

ಇದು ಬರಿಯ ಗುರಿಯ ಮಾತಾಗಿದ್ದರೆ ತಪ್ಪಿದವನು ಪದಕ ಕಳೆದುಕೊಂಡಾನು, ಅಷ್ಟೆ. ಆದರೆ ಈ ಅಂತರ ಮುಖದಿಂದ ಗೇಣುದ್ದದಲ್ಲಿ ಹೊತ್ತಿ ಉರಿಯುವ ಮದ್ದಿನ ಒತ್ತಡವನ್ನೂ ಆಳುತ್ತದೆ. ಗುಂಡು ಗೀರಿಗೆ ಒತ್ತಿಕೊಂಡೇ ಕುಳಿತಿದ್ದರೆ ಅದಕ್ಕೆ ಓಡಿ ಬಂದು ಜಿಗಿಯುವ ಅವಕಾಶವಿಲ್ಲ. ನಿಂತಲ್ಲಿಂದಲೇ ಗೀರಿಗೆ ನುಗ್ಗಬೇಕು. ಆ ಕ್ಷಣದಲ್ಲಿ ಒಳಗಿನ ಒತ್ತಡ ಥಟ್ಟನೆ ಏರುತ್ತದೆ. ಹಾಗೆಂದು ಗುಂಡನ್ನು ಮಿತಿ ಮೀರಿ ಒಳಕ್ಕೆ ತಳ್ಳಿದರೆ ಮದ್ದಿಗಿರುವ ಜಾಗ ಕಿರಿದಾಗುತ್ತದೆ. ಚಿಕ್ಕ ತೋಟಾಗಳಲ್ಲಿ ಅದೂ ಒತ್ತಡವನ್ನು ಅಪಾಯದ ಮಟ್ಟಕ್ಕೆ ಏರಿಸಬಲ್ಲದು. ಎರಡು ಕಡೆಯೂ ಪ್ರಪಾತ, ನಡುವೆ ಕಾಲುದಾರಿ.

ಇನ್ನೊಂದು ತೊಂದರೆ. ಗೀರಿಗೆ ಕಚ್ಚಿಕೊಂಡ ತೋಟಾವನ್ನು ಹಾರಿಸದೆ ಹೊರತೆಗೆದರೆ, ಗುಂಡು ಗಂಟಲಲ್ಲೇ ಉಳಿದು, ತೋಟಾ ಮಾತ್ರ ಬಂದು, ಮದ್ದೆಲ್ಲ ಯಂತ್ರದೊಳಗೆ ಚೆಲ್ಲಿಬಿಡಬಹುದು. ಅದನ್ನು ಗಮನಿಸದೆ ಮತ್ತೊಂದು ತೋಟಾ ಸೇರಿಸಿ ಹಾರಿಸಿದವನ ಗತಿಯನ್ನು ಬಣ್ಣಿಸಬೇಕಾಗಿಲ್ಲ.

ಒಮ್ಮೆ ಕಂಡುಕೊಂಡ ಅಳತೆ ಶಾಶ್ವತವೂ ಅಲ್ಲ. ಒಂದೊಂದು ಈಡಿನ ಬಿಸಿಯೂ ಗಂಟಲನ್ನು ಅಷ್ಟಷ್ಟು ಸವೆಸುತ್ತದೆ. ಗೀರಿನ ಮೊದಲು ಮೆಲ್ಲಮೆಲ್ಲನೆ ಮುಂದಕ್ಕೆ ಸರಿಯುತ್ತದೆ. ನಾಲ್ಕಾರು ನೂರು ಈಡುಗಳಾದ ಮೇಲೆ ಅದೇ ತೋಟಾ, ಅದೇ ರೈಫಲ್ಲು. ಆದರೆ ಜಿಗಿತ ಬೇರೆ. ಆಗ ಮತ್ತೆ ಸಲಾಕೆ ಹಿಡಿದು ಮೊದಲಿನಿಂದ ಅಳೆಯಬೇಕು.

ಪೇಟೆಯ ಗುರಿಶಾಲೆಗಳಲ್ಲಿ 50 ಮೀಟರಿನ ಸ್ಪರ್ಧೆಗೆ ಅಭ್ಯಾಸ ಮಾಡುವ ಹುಡುಗ ಹುಡುಗಿಯರಿಗೆ ಈ ಸ್ವಾತಂತ್ರ್ಯವಿಲ್ಲ. ಅವರು ಬಳಸುವ ಸಣ್ಣ ತೋಟಾವನ್ನು ಕೈಯಿಂದ ಮತ್ತೆ ತುಂಬುವಂತಿಲ್ಲ. ಆದರೆ ಹೊಂದಿಸುವ ಕಷ್ಟ ಅವರಿಗೂ ತಪ್ಪಿದ್ದಲ್ಲ: ಕಾರ್ಖಾನೆಯ ಬೇರೆ ಬೇರೆ ತಂಡದ ತೋಟಾಗಳನ್ನು ತಮ್ಮ ರೈಫಲ್ಲಿನಲ್ಲಿ ಹಾರಿಸಿ ನೋಡಿ, ಒಪ್ಪಿದ ತಂಡವನ್ನೇ ಕೊಂಡಿಟ್ಟುಕೊಳ್ಳುತ್ತಾರೆ. ಗುಂಡನ್ನು ರೈಫಲ್ಲಿಗೆ ಹೊಂದಿಸಲಾರದವನು ರೈಫಲ್ಲು ಮೆಚ್ಚುವ ಗುಂಡನ್ನು ಹುಡುಕುತ್ತಾನೆ.

ನಮ್ಮ ದೇಶದಲ್ಲಿ 1959ರ ಆಯುಧ ಕಾಯಿದೆಯಂತೆ ಪರವಾನಗಿಯಿಲ್ಲದೆ ಯಾರೂ ತೋಟಾ ತಯಾರಿಸುವಂತಿಲ್ಲ. 1972ರ ವನ್ಯಜೀವಿ ಕಾಯಿದೆಯಿಂದಾಗಿ ಬೇಟೆಯ ಕಾಲವೂ ಮುಗಿದಿದೆ. ಇದು ಒಳ್ಳೆಯದೇ. ಕೆಲವರು ಮಾತ್ರ, ಕಾಗದದ ಗುರಿಯ ಮುಂದೆ ಮಾತ್ರ, ಲೆಕ್ಕವಿಟ್ಟು ಮಾಡಬೇಕಾದ ಕೆಲಸವಿದು. ಅವರಿಗೂ ಅತ್ಯಂತ ದೊಡ್ಡ ಅಪಾಯ ಒದಗುವುದು ಮದ್ದಿನಿಂದಲ್ಲ, ಎರವಲು ಅಳತೆಯಿಂದ. ಬೇರೊಬ್ಬನ ರೈಫಲ್ಲಿಗೆ ಪ್ರಾಣಸ್ನೇಹಿತನಂತಿದ್ದ ತೋಟಾ ತನ್ನ ರೈಫಲ್ಲಿಗೆ ಮೃತ್ಯುವಾಗಬಹುದು. ಗೆಳೆಯ ಬರೆದುಕೊಟ್ಟ ಅಂಕೆಯನ್ನು ಗೌರವದಿಂದ ಜೇಬಿಗಿಳಿಸಿ, ತನ್ನ ಸಲಾಕೆಯ ಮೇಲೆ ತಾನೇ ಗೆರೆ ಎಳೆಯುವವನೇ ನಿಜವಾದ ಗುರಿಕಾರ.

ರಾಯಚೂರಿನ ಕೋಟೆಯನ್ನು ಕಟ್ಟಿದವರು 41 ಅಡಿಯ ಕಲ್ಲನ್ನು ಅಳೆದು ತಂದು, ಸಂದಿಯಿಲ್ಲದಂತೆ ಕೂರಿಸಿದರು. ಅದರ ಬುಡದಲ್ಲಿ ಹತ್ತಿಪ್ಪತ್ತು ಪಣದ ಆಸೆಗೆ ಹಾರೆ ಹಿಡಿದವರ ಪ್ರಾಣ ತೂಗಾಡಿದುದು ಮಾತ್ರ, ಯಾರದೋ ನಳಿಗೆಯೊಳಗಿನ, ಯಾರ ಕಣ್ಣಿಗೂ ಕಾಣದ ಒಂದು ಸಂದಿಯ ಮೇಲೆ.